ಆಳಕ್ಕೆ ಹೋಗಿ ಬಂದ ಕಲ್ಲು ಪೂರ್ತಿ ಕಥೆ ಯಾಕೆ ಹೇಳುವುದಿಲ್ಲ?

ಇಳಕಲ್ಲಿನ ಹತ್ತಿರ ಗ್ರಾನೈಟ್ ಪಾಲಿಶ್ ಮಾಡುವ ಒಂದು ಯಾರ್ಡಿನಲ್ಲಿ ನಮ್ಮ ಕಾಕಾ ಬಹಳ ವರ್ಷದಿಂದ ಕೆಲಸ ಮಾಡುತ್ತಾರೆ. ಹೋದಾಗಲೆಲ್ಲ ಚಹಾ ತರಿಸುತ್ತಾರೆ, ಆಮೇಲೆ ಹೊಸದಾಗಿ ಕೊಯ್ದ ಸ್ಲ್ಯಾಬಿನ ಮೇಲೆ ಒಂದು ತಂಬಿಗೆ ನೀರು ಸುರಿದು ಅದರ ಗುಲಾಬಿ ಬಣ್ಣ ತೋರಿಸುತ್ತಾರೆ. ಈ ಸಲ ಹೋದಾಗ ಚಹಾ ಬರುವ ಮೊದಲೇ ಪ್ರಶ್ನೆ ಬಂತು.

"ಅಲ್ಲೋ ತಮ್ಮಾ, ನೀ ಕಲ್ಲಿನ ಬಗ್ಗೆನೇ ಓದೀದಿಯಲ್ಲ. ಹಿಮಾಲಯದಾಗಿನ ಕಲ್ಲು ನೂರು ಕಿಲೋಮೀಟರ್ ಒಳಗ ಹೋಗಿ ಮತ್ತ ಮ್ಯಾಲ ಬಂದೈತಂತ. ಮೊಬೈಲಿನ್ಯಾಗ ನೋಡಿದೆ. ಖರೇನ?"

"ಖರೆ ಕಾಕಾ."

"ಹೆಂಗ ಗೊತ್ತಾತು?"

"ಕಲ್ಲಿನೊಳಗೇ ಗುರುತು ಇರ್ತದ."

"ಹೌದ್ ನೋಡು. ಕಲ್ಲು ಸುಳ್ಳು ಹೇಳಂಗಿಲ್ಲ."

ಸುಳ್ಳು ಹೇಳುವುದಿಲ್ಲ, ಅದು ಸರಿ. ಆದರೆ ತನಗೆ ಆದದ್ದನ್ನೆಲ್ಲ ಅದು ಬರೆದಿಟ್ಟುಕೊಂಡಿರುತ್ತದೆ ಅಂತ ನಂಬಿಬಿಟ್ಟರೆ ಕಷ್ಟ. ರೂಪಾಂತರ ಶಿಲೆಗಳ ಮೇಲೆ, ಅಂದರೆ ಶಾಖ ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಕಲ್ಲುಗಳ ಮೇಲೆ, ಕೆಲಸ ಮಾಡುವವರ ನಡುವೆ ಈಗ ಜೋರಾಗಿ ನಡೆದಿರುವ ವಾದವೇ ಇದು. ಒಂದು ಕಲ್ಲು ಎಷ್ಟು ಆಳಕ್ಕೆ ಹೋಗಿತ್ತು, ಯಾವಾಗ ಹೋಗಿತ್ತು, ಎಷ್ಟು ಬೇಗ ಮೇಲೆ ಬಂತು ಅಂತ ನಾವು ಅದರೊಳಗಿನ ಖನಿಜ ನೋಡಿ ಲೆಕ್ಕ ಹಾಕುತ್ತೇವೆ. ಆ ಖನಿಜಗಳೇ ಅರ್ಧ ದಾರಿಯಲ್ಲಿ ಬರೆಯುವುದನ್ನು ನಿಲ್ಲಿಸಿದ್ದರೆ? ಅಥವಾ ಬರೆದದ್ದನ್ನು ವಾಪಸ್ ಬರುವಾಗ ಅಳಿಸಿದ್ದರೆ?

ನಮ್ಮ ಬಾದಾಮಿಯನ್ನೇ ನೋಡಿ. ಅಲ್ಲಿಯ ಬಂಡೆಯ ಮೇಲೆ ಒಂದನೇ ಪುಲಕೇಶಿಯ ಶಾಸನ ಇದೆ, ಕ್ರಿ.ಶ. 543ರದ್ದು, ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಸುಮಾರು ನೂರು ವರ್ಷದ ನಂತರ ಊರು ಗೆದ್ದ ಪಲ್ಲವರ ನರಸಿಂಹವರ್ಮನ ಶಾಸನವೂ ಅದೇ ಊರಿನ ಬಂಡೆಯ ಮೇಲಿದೆ, ಸವೆದುಹೋಗಿದೆ. ಎರಡೂ ನಿಜ. ಆದರೆ ಮುತ್ತಿಗೆಯ ದಿನಗಳಲ್ಲಿ ಊರಿನ ಮೇಲೆ ಏನಾಯಿತು ಅನ್ನುವುದನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ, ಯಾಕೆಂದರೆ ಕೆತ್ತುವುದಕ್ಕೆ ಉಳಿ ಬೇಕು, ಕೆತ್ತುವವನು ಬೇಕು, ಪುರಸೊತ್ತು ಬೇಕು. ಅತಿ ಕೆಟ್ಟ ದಿನವೇ ಅತಿ ದೊಡ್ಡ ಅಕ್ಷರದಲ್ಲಿ ಕಾಣಿಸಬೇಕು ಅನ್ನುವ ನಿಯಮ ಏನೂ ಇಲ್ಲ. ಆಳಕ್ಕೆ ಹೋದ ಕಲ್ಲಿನ ಕಥೆಯೂ ಹಾಗೆ. ಅಲ್ಲಿ ಉಳಿಯ ಕೆಲಸ ಮಾಡುವುದು ನೀರು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಲ್ಲು ಆಳವನ್ನು ಹೇಗೆ ಹೇಳುತ್ತದೆ ಅನ್ನುವುದು. ವಿಜಯಪುರದ ಗೋಳಗುಮ್ಮಟ ಕಟ್ಟಿದ ಕಪ್ಪು ಕಲ್ಲು ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ಡೆಕ್ಕನ್‌ನಲ್ಲಿ ಹರಿದು ಗಟ್ಟಿಯಾದ ಲಾವಾ. ಇಂಥದೇ ಬಸಾಲ್ಟ್ ಸಮುದ್ರದ ತಳದಲ್ಲೂ ಇದೆ. ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರುವಾಗ, ಅಂದರೆ ಸಬ್ಡಕ್ಷನ್ ಆಗುವಾಗ, ಆ ಬಸಾಲ್ಟ್ ಕೆಳಗೆ ಇಳಿಯುತ್ತದೆ. ಸುಮಾರು ಮೂರೂವರೆ ಕಿಲೋಮೀಟರ್ ಕಲ್ಲಿನ ಭಾರ ಸೇರಿದರೆ ಒಂದು ಕಿಲೋಬಾರ್ ಒತ್ತಡ, ಹತ್ತಿರಹತ್ತಿರ ನಮ್ಮ ವಾತಾವರಣದ ಒತ್ತಡದ ಸಾವಿರ ಪಟ್ಟು. ಐವತ್ತು ಅರವತ್ತು ಕಿಲೋಮೀಟರ್ ಇಳಿದರೆ ಬಸಾಲ್ಟಿನ ಹಳೆ ಖನಿಜಗಳು ಆ ಒತ್ತಡದಲ್ಲಿ ಬಾಳುವುದಿಲ್ಲ. ಅವು ಮುರಿದು ಹೊಸ ಖನಿಜ ಕಟ್ಟಿಕೊಳ್ಳುತ್ತವೆ: ಕೆಂಪು ಗಾರ್ನೆಟ್, ಹಸಿರು ಓಂಫಸೈಟ್. ಕಪ್ಪು ಕಲ್ಲು ಹೋಗಿ ಕೆಂಪು ಹಸಿರಿನ ಎಕ್ಲೊಜೈಟ್ ಆಗುತ್ತದೆ. ಒಂದು ಘನ ಸೆಂಟಿಮೀಟರಿಗೆ ಮೂರು ಗ್ರಾಂ ಆಸುಪಾಸು ಇದ್ದ ತೂಕ ಮೂರೂವರೆಯ ಹತ್ತಿರ ಹೋಗುತ್ತದೆ. ಗೋಳಗುಮ್ಮಟದ ಕಲ್ಲಿಗೆ ಇದ್ಯಾವುದೂ ಆಗಿಲ್ಲ ಬಿಡಿ, ಅದು ಹರಿದು ಬಂದ ಕಡೆಯೇ ಕೂತಿದೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇದೆ. ನಮ್ಮಲ್ಲಿ ಬೆಣಚುಕಲ್ಲು ಅಂತೀವಲ್ಲ, ಆ ಕ್ವಾರ್ಟ್ಜ್ ಸುಮಾರು 27 ಕಿಲೋಬಾರ್ ದಾಟಿದರೆ ಕೋಸೈಟ್ ಅನ್ನುವ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಆಳದ ಲೆಕ್ಕದಲ್ಲಿ ತೊಂಬತ್ತು ಕಿಲೋಮೀಟರ್‌ಗೂ ಜಾಸ್ತಿ. 1953ರಲ್ಲಿ ಲೋರಿಂಗ್ ಕೋಸ್ ಅನ್ನುವವರು ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು, ಹೆಸರೂ ಅವರದೇ. 1960ರಲ್ಲಿ ಅಮೆರಿಕದ ಅರಿಜೋನಾದ ಉಲ್ಕಾ ಕುಳಿಯಲ್ಲಿ ಸಿಕ್ಕಿತು. ಉಲ್ಕೆ ಬಡಿದರೆ ಆ ಒತ್ತಡ ಬರುವುದು ಸಹಜ. ಆದರೆ 1984ರಲ್ಲಿ ಕ್ರಿಸ್ಟಿಯನ್ ಶೋಪಾಂ ಇಟಲಿಯ ಆಲ್ಪ್ಸ್‌ನ ಡೋರಾ ಮೈರಾದಲ್ಲಿ ಮಾಮೂಲಿ ಭೂಖಂಡದ ಕಲ್ಲಿನ ಗಾರ್ನೆಟ್ ಒಳಗೆ ಕೋಸೈಟ್ ತೋರಿಸಿದರು, ಅದೇ ವರ್ಷ ನಾರ್ವೆಯಿಂದಲೂ ಅಂಥದೇ ವರದಿ ಬಂತು. ಅಲ್ಲಿಯ ತನಕ ಭೂಖಂಡದ ಕಲ್ಲು ಹಗುರ, ಅದು ಅಷ್ಟು ಆಳಕ್ಕೆ ಮುಳುಗಲಾರದು ಅನ್ನುವುದೇ ನಂಬಿಕೆ. 1990ರಲ್ಲಿ ಕಜಕಸ್ತಾನದ ಕೊಕ್ಚೆತಾವ್‌ನಿಂದ ಗಾರ್ನೆಟ್ ಮತ್ತು ಜಿರ್ಕಾನ್ ಅನ್ನುವ ಗಟ್ಟಿ ಖನಿಜದ ಹರಳುಗಳ ಒಳಗಿನ ಸಣ್ಣ ಸಣ್ಣ ವಜ್ರಗಳ ಸುದ್ದಿ ಬಂದ ಮೇಲೆ ಅನುಮಾನ ಪೂರ್ತಿ ಹೋಯಿತು.

ನಮ್ಮ ದೇಶದ ಸರದಿ 2001ರಲ್ಲಿ. ಲಡಾಖಿನ ತ್ಸೊ ಮೊರಾರಿ ಪ್ರದೇಶದ ಎಕ್ಲೊಜೈಟಿನಲ್ಲಿ ಕೋಸೈಟ್ ಸಿಕ್ಕಿತು. ಅದೇ ಸುಮಾರಿಗೆ ಪಾಕಿಸ್ತಾನದ ಕಾಘಾನ್ ಕಣಿವೆಯಿಂದಲೂ ವರದಿಯಾಯಿತು. ಕಾಕಾ ಮೊಬೈಲಿನಲ್ಲಿ ನೋಡಿದ್ದು ಈ ಕಲ್ಲಿನ ಕಥೆಯೇ ಇರಬೇಕು. ಸುಮಾರು ಐದು ಕೋಟಿ ವರ್ಷದ ಹಿಂದೆ ಭಾರತದ ಭೂಫಲಕದ ಮುಂದಿನ ಅಂಚು ಏಷ್ಯಾದ ಅಡಿಗೆ ಹೋದಾಗ ಈ ಕಲ್ಲುಗಳೂ ಹೋದವು, ಬಂದವು.

ಇಲ್ಲಿಂದ ಮಜಾ ಶುರು. ತ್ಸೊ ಮೊರಾರಿಯಲ್ಲಿ ಎಕ್ಲೊಜೈಟ್ ಅನ್ನುವುದು ದೊಡ್ಡ ಬೆಟ್ಟವೇನಲ್ಲ. ಗೋಕಾಕ ಕರದಂಟಿನೊಳಗೆ ಗೋಡಂಬಿ ಕೂತಿರುತ್ತದಲ್ಲ, ಹಾಗೆ ಬೂದು ಬಣ್ಣದ, ಪಟ್ಟೆಪಟ್ಟೆಯಾದ ಗ್ನೈಸ್ ಅನ್ನುವ ರೂಪಾಂತರ ಶಿಲೆಯ ದೊಡ್ಡ ಹರವಿನೊಳಗೆ ಅಲ್ಲೊಂದು ಇಲ್ಲೊಂದು ಉಂಡೆ. ಆಳದ ಗುರುತು ಇರುವುದು ಗೋಡಂಬಿಯಲ್ಲಿ. ಸುತ್ತಲಿನ ಗ್ನೈಸ್ ನೋಡಿದರೆ ಬಹುತೇಕ ಅದು ಎಲ್ಲಿಗೂ ಹೋಗೇ ಇಲ್ಲ ಅನ್ನುವ ಹಾಗೆ, ತೀರಾ ಕಡಿಮೆ ಒತ್ತಡದ ಖನಿಜಗಳನ್ನು ಇಟ್ಟುಕೊಂಡು ಕೂತಿದೆ. ಹಾಗಾದರೆ ಎರಡೂ ಒಟ್ಟಿಗೆ ಹೋಗಿ ಬಂದವೋ, ಇಲ್ಲಾ ಎಕ್ಲೊಜೈಟ್ ಬೇರೆ ಕಡೆಯಿಂದ ಬಂದು ಗ್ನೈಸ್ ಒಳಗೆ ಸೇರಿಕೊಂಡಿತೋ? ಲೋಕದ ಎಷ್ಟೋ ಕಡೆ, ನಾರ್ವೆಯಲ್ಲಿ, ಚೀನಾದ ದಾಬೀ ಬೆಟ್ಟಗಳಲ್ಲಿ, ಇದೇ ಜಗಳ ದಶಕಗಟ್ಟಲೆ ನಡೆದಿದೆ. ಗ್ನೈಸ್ ಒಳಗಿನ ಜಿರ್ಕಾನ್ ಹರಳುಗಳನ್ನು ಒಡೆದು ನೋಡಿದ ಮೇಲೆ ದಾಬೀಯಂಥ ಕಡೆ ಉತ್ತರ ಸಿಕ್ಕಿತು: ಜಿರ್ಕಾನ್ ಹೊಟ್ಟೆಯಲ್ಲಿ ಕೋಸೈಟ್ ಇತ್ತು. ಗ್ನೈಸ್ ಕೂಡ ಹೋಗಿತ್ತು. ಹೊರಗೆ ತೋರಿಸಿಕೊಂಡಿರಲಿಲ್ಲ, ಅಷ್ಟೇ.

ಯಾಕೆ ಹೀಗೆ? ಇಲ್ಲಿ ನೀರಿನ ವಿಷಯ ಬರುತ್ತದೆ.

ಒಂದು ಖನಿಜ ಹೋಗಿ ಇನ್ನೊಂದು ಬರಬೇಕಾದರೆ ಒತ್ತಡ, ಶಾಖ ಇದ್ದರಷ್ಟೇ ಸಾಲದು. ಹಳೆ ಹರಳು ಬಿಚ್ಚಿಕೊಂಡು ಅದರ ಅಣುಗಳು ಹೊಸ ಜಾಗಕ್ಕೆ ನಡೆದು ಹೋಗಬೇಕು. ಕಲ್ಲಿನ ಕಣಗಳ ನಡುವಿನ ಸಂದಿಯಲ್ಲಿ ಒಂದು ಚೂರು ನೀರಿದ್ದರೆ ಈ ಓಡಾಟ ಸಲೀಸು. ಒಣ ಕಲ್ಲಿನಲ್ಲಿ ಅದೇ ಕೆಲಸಕ್ಕೆ ಕೋಟಿ ವರ್ಷ ಕೊಟ್ಟರೂ ಮುಗಿಯದೇ ಇರಬಹುದು. ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣ ಜೋಳದ ಹಿಟ್ಟನ್ನು ಕಾದ ಹಂಚಿನ ಮೇಲೆ ಹಾಕಿ ಎಷ್ಟು ಒತ್ತಿದರೂ ಅದು ರೊಟ್ಟಿಯಾಗುವುದಿಲ್ಲ, ಸುಮ್ನೆ ಹೊತ್ತುತ್ತದೆ. ಎಸರು ಹಾಕಿ ನಾದಿದರೆ ಮಾತ್ರ ಜಿಗುಟು ಬರುತ್ತದೆ.

ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದ ಜಾಗ ನಾರ್ವೆಯ ಬರ್ಗನ್ ಹತ್ತಿರದ ಹೋಲ್ಸ್‌ನೊಯ್ ದ್ವೀಪ. ಅಲ್ಲಿಯ ಕಲ್ಲು ಗ್ರಾನುಲೈಟ್, ತೊಂಬತ್ತು ಕೋಟಿ ವರ್ಷಕ್ಕೂ ಹಿಂದೆ ಭಾರಿ ಶಾಖದಲ್ಲಿ ಬೆಂದು ನೀರೆಲ್ಲ ಆರಿಹೋದ ಕಲ್ಲು. ನಮ್ಮ ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಕೂಡ ಇದೇ ಜಾತಿಯದು. ಈ ಒಣ ಕಲ್ಲು ಸುಮಾರು 43 ಕೋಟಿ ವರ್ಷದ ಹಿಂದೆ ಮತ್ತೆ ಆಳಕ್ಕೆ ಇಳಿಯಿತು, ಐವತ್ತು ಅರವತ್ತು ಕಿಲೋಮೀಟರ್ ಕೆಳಗೆ, ಸುಮಾರು 700 ಡಿಗ್ರಿ ಶಾಖಕ್ಕೆ. ಲೆಕ್ಕದ ಪ್ರಕಾರ ಇಡೀ ಬಂಡೆ ಎಕ್ಲೊಜೈಟ್ ಆಗಬೇಕಿತ್ತು. ಆಗಿಲ್ಲ. ಬಿರುಕು ಬಿಟ್ಟ ಕಡೆ, ಕಲ್ಲು ಜಾರಿ ಉಜ್ಜಿದ ಕಡೆ, ಎಲ್ಲಿ ಹೊರಗಿನ ನೀರು ನುಗ್ಗಿತೋ ಅಲ್ಲಿ ಮಾತ್ರ ಗಾಢ ಬಣ್ಣದ ಎಕ್ಲೊಜೈಟ್ ಪಟ್ಟಿಗಳಿವೆ. ಪಟ್ಟಿಯ ಅಂಚಿನಿಂದ ಒಂದು ಹೆಜ್ಜೆ ಆಚೆ ಹೋದರೆ ಹಳೆ ಗ್ರಾನುಲೈಟ್ ತನ್ನ ಹಳೆ ಖನಿಜಗಳೊಂದಿಗೆ ಹಾಗೇ ಇದೆ. ಹೋಕನ್ ಆಸ್ಟ್ರೈಮ್ ಇದನ್ನು 1987ರಲ್ಲಿ ಬರೆದರು. ಒಂದೇ ಬಂಡೆ, ಒಂದೇ ಪ್ರಯಾಣ. ಒಂದು ತುಂಡು ಅರವತ್ತು ಕಿಲೋಮೀಟರ್ ಅಂತ ಹೇಳುತ್ತದೆ, ಪಕ್ಕದ ತುಂಡು ತೊಂಬತ್ತು ಕೋಟಿ ವರ್ಷದ ಹಳೆಯ ಸುದ್ದಿಯನ್ನೇ ಹೇಳುತ್ತಾ ಕೂತಿದೆ. ನೀವು ಅಲ್ಲಿಗೆ ಹೋಗಿ ಬರೀ ಎರಡನೇ ತುಂಡನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದರೆ ಆ ಎರಡನೇ ಪ್ರಯಾಣದ ಸುಳಿವೇ ಸಿಗುತ್ತಿರಲಿಲ್ಲ.

ಡೋರಾ ಮೈರಾದಲ್ಲಿ ಇನ್ನೊಂದು ಚೆಂದದ ಉದಾಹರಣೆ ಇದೆ, ಕಾಕಾಗೆ ಹೇಳಿದ್ದೂ ಇದನ್ನೇ, ಯಾಕೆಂದರೆ ಅವರಿಗೆ ಗ್ರಾನೈಟ್ ಅಂದರೆ ಜೀವ. ಬ್ರೊಸಾಸ್ಕೊ ಅನ್ನುವ ಊರಿನ ಹತ್ತಿರದ ಗ್ರಾನೈಟ್ ಕೋಸೈಟ್ ಸಿಕ್ಕ ಅದೇ ಘಟಕದ ಭಾಗ, ಅಂದರೆ ನೂರು ಕಿಲೋಮೀಟರ್ ಆಸುಪಾಸಿಗೆ ಹೋಗಿ ಬಂದದ್ದು. ಅದರ ಕೆಲವು ಭಾಗಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಮಾಮೂಲಿ ಗ್ರಾನೈಟ್! ಕಪ್ಪು ಅಭ್ರಕದ ಚುಕ್ಕೆ, ಬಿಳಿ ಫೆಲ್ಡ್‌ಸ್ಪಾರ್, ಎಲ್ಲ ಕೂತ ಜಾಗದಲ್ಲೇ. ಪಾಲಿಶ್ ಮಾಡಿ ಅಡುಗೆಮನೆ ಕಟ್ಟೆಗೆ ಹಾಕಿದರೆ ಯಾರಿಗೂ ಅನುಮಾನ ಬಾರದು. ಸೂಕ್ಷ್ಮದರ್ಶಕದ ಅಡಿ ಇಟ್ಟಾಗ ಮಾತ್ರ ಅಭ್ರಕ ಮತ್ತು ಫೆಲ್ಡ್‌ಸ್ಪಾರ್ ಸಂಧಿಸುವ ಗೆರೆಯಲ್ಲಿ ಗಾರ್ನೆಟ್‌ನ ತೆಳ್ಳನೆ ಉಂಗುರ ಕಾಣುತ್ತದೆ, ಕ್ವಾರ್ಟ್ಜ್ ಒಂದೇ ಹರಳಾಗಿರುವ ಬದಲು ಸಣ್ಣ ಕಣಗಳ ಗುಂಪಾಗಿರುತ್ತದೆ. ಕಲ್ಲು ಬದಲಾಗಲು ಶುರು ಮಾಡಿತ್ತು, ಆ ಉಂಗುರಗಳ ತನಕ ಬಂದು ನಿಂತಿತು.

"ಅಂದ್ರ ಅರ್ಧಾ ಬೆಂದ ಅನ್ನ" ಅಂದರು ಕಾಕಾ. ಸರಿಯಾದ ಮಾತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ, ಆದರೆ ಸುದ್ದಿಗಳಲ್ಲಿ ಬಾರದೇ ಇರುವ ಸಂಗತಿ. ಕಲ್ಲು ಕೆಳಗೆ ಇಳಿಯುತ್ತಾ ಬಿಸಿಯಾಗುವಾಗ ಅದರೊಳಗಿನ ನೀರಿರುವ ಖನಿಜಗಳು, ಕ್ಲೋರೈಟ್, ಆಂಫಿಬೋಲ್ ಇಂಥವು, ಒಂದೊಂದಾಗಿ ಮುರಿದು ನೀರು ಬಿಡುತ್ತವೆ. ಆ ನೀರು ಸಂದಿಗಳಲ್ಲಿ ಇರುವ ತನಕ ಕಲ್ಲು ಚುರುಕಾಗಿ ಹೊಸ ಒತ್ತಡಕ್ಕೆ ಹೊಂದಿಕೊಳ್ಳುತ್ತದೆ, ಬರೆಯುತ್ತಾ ಹೋಗುತ್ತದೆ. ನೀರು ಮೇಲಕ್ಕೆ ಸೋರಿ ಹೋದ ಮೇಲೆ ಕಲ್ಲು ಒಣಗುತ್ತದೆ. ಒಣಗಿದ ಮೇಲೆ ವಾಪಸ್ ಬರುವಾಗ ಸುಲಭವಾಗಿ ಬದಲಾಗುವುದಿಲ್ಲ, ಆಳದ ಖನಿಜಗಳು ನಮ್ಮ ಕೈಗೆ ಸಿಗುವುದೇ ಆ ಪುಣ್ಯದಿಂದ. ಆದರೆ ಇದೇ ಮಾತನ್ನು ತಿರುಗಿಸಿ ನೋಡಿ. ಕಲ್ಲು ಕೊನೆಯ ಹನಿ ನೀರು ಕಳೆದುಕೊಂಡದ್ದು ಅತಿ ಆಳದ ಜಾಗದಲ್ಲೇ ಆಗಿರಬೇಕು ಅಂತ ಯಾರು ಹೇಳಿದರು? ಎಪ್ಪತ್ತು ಕಿಲೋಮೀಟರ್‌ನಲ್ಲೇ ಒಣಗಿ, ಆಮೇಲೆ ಇನ್ನೂ ಮೂವತ್ತು ಕಿಲೋಮೀಟರ್ ಇಳಿದಿದ್ದರೆ, ಅದರೊಳಗೆ ಉಳಿಯುವುದು ಎಪ್ಪತ್ತರ ಬರಹ. ಅಥವಾ ಮೇಲೆ ಬರುವಾಗ ಒತ್ತಡ ಇಳಿದು ಯಾವುದೋ ಖನಿಜ ಮುರಿದು ಸ್ವಲ್ಪ ನೀರು ಬಿಟ್ಟರೆ ಕಲ್ಲಿಗೆ ಮತ್ತೆ ಜೀವ ಬಂದು ಆ ಮಟ್ಟದ ಬರಹ ಬರೆದುಕೊಳ್ಳುತ್ತದೆ. ಅಂದರೆ ನಾವು "ಗರಿಷ್ಠ ಒತ್ತಡ" ಅಂತ ಓದುತ್ತಿರುವುದು ಎಷ್ಟೋ ಸಲ "ಕೊನೆಯ ಸಲ ನೀರಿದ್ದಾಗಿನ ಒತ್ತಡ". ಇವೆರಡು ಒಂದೇ ಅಂತ ಹಿಡಿದುಕೊಂಡೇ ಬಹಳ ಕಾಲ ಲೆಕ್ಕ ಹಾಕಿದ್ದೇವೆ.

ಅಳಿಸಿ ಹೋಗುವುದು ಇನ್ನೊಂದು ಕಡೆ. ಕೋಸೈಟಿಗೆ ಮೇಲಿನ ಗಾಳಿ ಆಗಿಬರುವುದಿಲ್ಲ. ಒತ್ತಡ ಇಳಿದರೆ ಅದು ಮತ್ತೆ ಕ್ವಾರ್ಟ್ಜ್ ಆಗುತ್ತದೆ, ಆಗುವಾಗ ಗಾತ್ರ ಸುಮಾರು ಹತ್ತು ಪರ್ಸೆಂಟ್ ಹಿಗ್ಗುತ್ತದೆ. ಗಾರ್ನೆಟ್ ಒಳಗೆ ಸಿಕ್ಕಿಕೊಂಡ ಕೋಸೈಟ್ ಮಾತ್ರ ಸ್ವಲ್ಪ ಉಳಿಯುತ್ತದೆ, ಯಾಕೆಂದರೆ ಗಾರ್ನೆಟ್ ಗಟ್ಟಿ, ಅದು ಹಿಗ್ಗಲು ಬಿಡುವುದಿಲ್ಲ, ಒಳಗೆ ಒತ್ತಡ ಹಿಡಿದಿಟ್ಟುಕೊಂಡಿರುತ್ತದೆ. ಕೊನೆಗೆ ಗಾರ್ನೆಟ್ಟೂ ತಡೆಯಲಾರದೆ ಸುತ್ತ ಸೂರ್ಯನ ಕಿರಣದ ಹಾಗೆ ಬಿರುಕು ಬಿಡುತ್ತದೆ, ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಉಳಿದ ಕೋಸೈಟೂ ಹೋಗುತ್ತದೆ. ಗಾರ್ನೆಟ್ ಹೊರಗೆ, ಬಯಲಲ್ಲಿ ಇದ್ದ ಕೋಸೈಟ್ ಉಳಿದ ಉದಾಹರಣೆಗಳು ಬೆರಳೆಣಿಕೆಯಷ್ಟು. ಎಷ್ಟೋ ಕಲ್ಲಿನಲ್ಲಿ ಸಿಗುವುದು ಕೋಸೈಟ್ ಅಲ್ಲ, ಕಿರಣದಂಥ ಬಿರುಕುಗಳು ಮಾತ್ರ. ಹಕ್ಕಿ ಹಾರಿಹೋದ ಮೇಲೆ ಗೂಡು ನೋಡಿ ಹಕ್ಕಿ ಯಾವುದು ಅಂತ ಹೇಳುವ ಕೆಲಸ.

ಗಾರ್ನೆಟ್ ಮರದ ಹಾಗೆ ಒಳಗಿನಿಂದ ಹೊರಗೆ ಸುತ್ತುಸುತ್ತಾಗಿ ಬೆಳೆಯುತ್ತದೆ. ಸುತ್ತಿನಿಂದ ಸುತ್ತಿಗೆ ಮ್ಯಾಂಗನೀಸ್, ಕಬ್ಬಿಣ, ಮೆಗ್ನೀಸಿಯಂ ಅಳತೆ ಬದಲಾಗುತ್ತಾ ಹೋಗುತ್ತದೆ, ಅದನ್ನೇ ಪ್ರಯಾಣದ ಡೈರಿ ಅಂತ ಓದುತ್ತಾರೆ. ಡೈರಿ ಒಳ್ಳೆಯದೇ, ಆದರೆ ಹಾಳೆ ಹರಿದಿರುತ್ತವೆ. ಬೆಳೆಯಲು ಬೇಕಾದ ಸಾಮಾನು ಮುಗಿದರೆ ಗಾರ್ನೆಟ್ ಅಲ್ಲೇ ನಿಲ್ಲುತ್ತದೆ, ಕಲ್ಲು ಮುಂದೆ ಇಳಿಯುತ್ತಿದ್ದರೂ ಡೈರಿ ಖಾಲಿ. ಕೆಲವೊಮ್ಮೆ ಹೊರಗಿನ ಸುತ್ತುಗಳು ಕರಗಿ ಹೋಗುತ್ತವೆ. ಶಾಖ 800 ಡಿಗ್ರಿ ದಾಟಿ ಬಹಳ ಕಾಲ ನಿಂತರೆ ಸುತ್ತುಗಳೇ ಒಂದರೊಳಗೊಂದು ಬೆರೆತು ಹೋಗುತ್ತವೆ, ಗಾಣದ ಮನೆಯಲ್ಲಿ ಕೊಪ್ಪರಿಗೆ ಕಲಕಿದ ಮೇಲೆ ಮೊದಲು ಸುರಿದ ರಸ ಯಾವುದು, ಆಮೇಲೆ ಸುರಿದದ್ದು ಯಾವುದು ಅಂತ ಕೇಳಿದ ಹಾಗೆ.

ವಯಸ್ಸಿನ ಲೆಕ್ಕವೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಜಿರ್ಕಾನ್ ಒಳಗಿನ ಯುರೇನಿಯಂ ಸೀಸವಾಗುವುದನ್ನು ಅಳೆದು ಇಷ್ಟು ವರ್ಷ ಅಂತಾರೆ. ಆ ವರ್ಷ ನಿಖರವಾಗಿಯೇ ಇರುತ್ತದೆ. ಆದರೆ ಅದು ಜಿರ್ಕಾನ್ ಬೆಳೆದ ವರ್ಷ. ಬೆಳೆಯಲು ಅದಕ್ಕೂ ನೀರು ಇಲ್ಲವೇ ಕರಗಿದ ಕಲ್ಲಿನ ರಸ ಬೇಕು. ಇಳಿಯುವಾಗ, ತಳದಲ್ಲಿ, ಏರುವಾಗ, ಯಾವಾಗ ಬೇಕಾದರೂ ಸಿಕ್ಕಿರಬಹುದು.

ಇಷ್ಟರ ತನಕ ಒಪ್ಪುವವರೇ ಜಾಸ್ತಿ. ಜಗಳ ಇರುವುದು ಮುಂದೆ. ಸ್ವಿಟ್ಜರ್ಲೆಂಡ್ ಇಟಲಿ ಗಡಿಯ ಮಾಂಟೆ ರೋಸಾದಲ್ಲಿ ಒಂದೇ ಗ್ರಾನೈಟ್ ಮೈಯೊಳಗೆ ಬಿಳಿ ಶಿಸ್ಟ್ ಅನ್ನುವ ಪದರಪದರದ ರೂಪಾಂತರ ಶಿಲೆಯ ಸಣ್ಣ ತುಂಡುಗಳಿವೆ. ತುಂಡು ಕೊಡುವ ಲೆಕ್ಕ ಸುಮಾರು 22 ಕಿಲೋಬಾರ್. ಸುತ್ತಲಿನ ಗ್ರಾನೈಟ್ ಕೊಡುವುದು ಸುಮಾರು 14. ಆಳಕ್ಕೆ ತಿರುಗಿಸಿದರೆ ಹತ್ತಿರಹತ್ತಿರ ಮೂವತ್ತು ಕಿಲೋಮೀಟರ್ ವ್ಯತ್ಯಾಸ, ಕೂಗಳತೆ ದೂರದ ಎರಡು ಕಲ್ಲುಗಳ ನಡುವೆ! ಗ್ರಾನೈಟ್ ಒಣಗಿತ್ತು, ಹಾಗಾಗಿ ಬರೆಯಲಿಲ್ಲ ಅಂತ ಒಂದು ಗುಂಪು ಹೇಳುತ್ತದೆ. 2019ರಲ್ಲಿ ಈ ಅಳತೆ ಪ್ರಕಟಿಸಿದವರು ಹಾಗಲ್ಲ ಅಂದರು. ಅವರ ಪ್ರಕಾರ ಎರಡೂ ಕಲ್ಲು ಸರಿಯಾಗಿಯೇ ಬರೆದಿವೆ, ಒತ್ತಡವೇ ಜಾಗದಿಂದ ಜಾಗಕ್ಕೆ ಬೇರೆ ಇತ್ತು. ಬೆಟ್ಟ ಕಟ್ಟುವಾಗಿನ ಹಿಂಡುವ ಬಲದಿಂದ ಒಂದು ಜಾಗದ ಒತ್ತಡ ಮೇಲಿನ ಕಲ್ಲಿನ ಭಾರಕ್ಕಿಂತ ಜಾಸ್ತಿ ಇರಬಹುದು. ಹಾಗಿದ್ದರೆ ಒತ್ತಡವನ್ನು ಮೂರೂವರೆಯಿಂದ ಗುಣಿಸಿ ಆಳ ಹೇಳುವ ನಮ್ಮ ಲೆಕ್ಕವೇ ಅಲ್ಲಾಡುತ್ತದೆ.

ವೇಗದ ಲೆಕ್ಕವೂ ಅಲ್ಲಾಡುತ್ತದೆ. ಡೋರಾ ಮೈರಾದ ಕಲ್ಲು ಸುಮಾರು ಮೂರೂವರೆ ಕೋಟಿ ವರ್ಷದ ಹಿಂದೆ ತಳದಿಂದ ವರ್ಷಕ್ಕೆ ಮೂರು ಸೆಂಟಿಮೀಟರಿಗೂ ಜಾಸ್ತಿ ವೇಗದಲ್ಲಿ ಏರಲು ಶುರು ಮಾಡಿತು ಅಂತ 2001ರಲ್ಲಿ ಲೆಕ್ಕ ಬಂತು. ಉಗುರು ಬೆಳೆಯುವ ವೇಗ ಅನ್ನಿ, ಆದರೆ ನೂರು ಕಿಲೋಮೀಟರ್ ಕೆಳಗಿನ ಕಲ್ಲಿಗೆ ಅದು ಓಟ. 2017ರಲ್ಲಿ ಫ್ರಾನ್ಸಿನ ಇಬ್ಬರು, ಇಂಥ ಕಲ್ಲುಗಳಲ್ಲಿ ಕಾಣುವ ಒತ್ತಡದ ದೊಡ್ಡ ಇಳಿತ ಏರಿ ಬಂದದ್ದರ ಗುರುತೇ ಆಗಬೇಕಿಲ್ಲ, ಹಿಂಡುವ ಬಲ ಹೋಗಿ ಎಳೆಯುವ ಬಲ ಬಂದರೆ ಕಲ್ಲು ಇದ್ದಲ್ಲೇ ಇದ್ದು ಒತ್ತಡ ಬಿದ್ದುಹೋಗಬಹುದು ಅಂತ ವಾದಿಸಿದರು. ಹಾಗಿದ್ದರೆ ಓಟವೇ ಇರಲಿಲ್ಲ.

ನನ್ನನ್ನು ಕೇಳಿದರೆ, ಹಿಂಡುವ ಬಲದ ಒತ್ತಡ ಕೆಲವು ಕಡೆ ಇದ್ದಿರಬಹುದು, ಆದರೆ ಎಲ್ಲ ಕಡೆ ಅದನ್ನೇ ಎಳೆದು ತರುವುದು ಆತುರ. ಬಿಸಿ, ಒದ್ದೆ ಕಲ್ಲು ಅಷ್ಟು ಬಲವನ್ನು ಬಹಳ ಕಾಲ ತಡೆದು ನಿಲ್ಲುವುದಿಲ್ಲ, ಹರಿದುಬಿಡುತ್ತದೆ. ಒಣ ಕಲ್ಲು ಬರೆಯದೇ ಸುಮ್ಮನಿತ್ತು ಅನ್ನುವುದು ಹೋಲ್ಸ್‌ನೊಯ್‌ನಲ್ಲಿ ಕಣ್ಣಿಗೆ ಕಾಣುವ ಸಂಗತಿ. ಮೊದಲು ಅದನ್ನು ಪರೀಕ್ಷಿಸಿ, ಅದು ಸರಿಹೋಗದಿದ್ದರೆ ಮಾತ್ರ ಮುಂದಿನದು. ಇನ್ನೊಂದು ಗೊಣಗಾಟವೂ ಇದೆ ನನ್ನದು. ಈಗ ಕಲ್ಲಿನ ರಾಸಾಯನಿಕ ಅಳತೆ ಕೊಟ್ಟರೆ ಕಂಪ್ಯೂಟರ್ ಪ್ರೋಗ್ರಾಂ ಬಣ್ಣಬಣ್ಣದ ನಕ್ಷೆ ಬಿಡಿಸಿ ಇಷ್ಟು ಒತ್ತಡ ಇಷ್ಟು ಶಾಖ ಅಂತ ಹೇಳಿಬಿಡುತ್ತದೆ. ಕಲ್ಲು ಪೂರ್ತಿ ಹೊಂದಿಕೊಂಡಿತ್ತು ಅಂತ ನಂಬಿಯೇ ಅದು ಲೆಕ್ಕ ಶುರು ಮಾಡುವುದು. ಅರ್ಧ ಬೆಂದ ಅನ್ನ ಹಾಕಿದರೂ ಅದೇ ಧೈರ್ಯದಿಂದ ಉತ್ತರ ಕೊಡುತ್ತದೆ. ತ್ಸೊ ಮೊರಾರಿಯ ಎಕ್ಲೊಜೈಟಿಗೇ ಬೇರೆ ಬೇರೆ ತಂಡಗಳು ಕೊಟ್ಟ ಗರಿಷ್ಠ ಒತ್ತಡ 25 ಕಿಲೋಬಾರ್ ಆಸುಪಾಸಿನಿಂದ 40ಕ್ಕೂ ಮೇಲಿನ ತನಕ ಹರಡಿದೆ, ಅಂದರೆ ಆಳದಲ್ಲಿ ಐವತ್ತು ಕಿಲೋಮೀಟರ್ ಅಂತರ. ಬೆಳಗಾವಿಯಿಂದ ಹೊರಟವನು ಸಂಕೇಶ್ವರದ ತನಕ ಹೋಗಿದ್ದನೋ ಅಥವಾ ಮನೆಯ ಅಂಗಳದಲ್ಲೇ ಇದ್ದನೋ ಅಂತ ಗೊತ್ತಾಗದ ಹಾಗೆ.

ಇದೆಲ್ಲ ಪಂಡಿತರ ಪಂಚಾಯ್ತಿ, ನಮಗೇನು ಅನ್ನಬೇಡಿ. ಭಾರತದ ಭೂಫಲಕ ಇವತ್ತಿಗೂ ಟಿಬೆಟ್ ಅಡಿಗೆ ನುಗ್ಗುತ್ತಿದೆ. ಅದರ ಕೆಳಪದರ ಬಿಳಿಗಿರಿರಂಗನ ಬೆಟ್ಟದ ಕಲ್ಲಿನಂಥ ಒಣ ಗ್ರಾನುಲೈಟ್ ಇರಬೇಕು ಅನ್ನುವುದು ಒಂದು ಬಲವಾದ ವಾದ. ದಕ್ಷಿಣ ಟಿಬೆಟ್ ಕೆಳಗೆ ಎಂಬತ್ತು ತೊಂಬತ್ತು ಕಿಲೋಮೀಟರ್ ಆಳದಲ್ಲೂ ಭೂಕಂಪ ಆಗಿವೆ. ಅಷ್ಟು ಆಳದ ಕಲ್ಲು ಸಾಮಾನ್ಯವಾಗಿ ಮೆತ್ತಗಾಗಿ ಹರಿಯಬೇಕು, ಮುರಿಯಬಾರದು. ಆದರೆ ಒಣಗಿದ, ಬದಲಾಗದ ಕಲ್ಲು ಗಟ್ಟಿ ಉಳಿದು ಟಿಬೆಟ್‌ನ ಎತ್ತರವನ್ನು ಹೊತ್ತುಕೊಂಡಿರಬಹುದು, ಒಮ್ಮೊಮ್ಮೆ ಮುರಿದು ನಡುಗಿಸಲೂಬಹುದು. ನೀರು ಸಿಕ್ಕಿ ಎಕ್ಲೊಜೈಟ್ ಆದ ಭಾಗ ಭಾರವಾಗಿ, ಮೆತ್ತಗಾಗಿ ಬೇರೆಯೇ ರೀತಿ ನಡೆದುಕೊಳ್ಳುತ್ತದೆ. ಹೋಲ್ಸ್‌ನೊಯ್ ಕಲ್ಲಿನಲ್ಲಿ ಆಳದ ಭೂಕಂಪದಿಂದ ಕಲ್ಲು ಕರಗಿ ಗಾಜಿನಂತೆ ಹೆಪ್ಪುಗಟ್ಟಿದ ಗೆರೆಗಳು ಸಿಕ್ಕಿವೆ, ನೀರು ಒಳಗೆ ಹೋಗಲು ದಾರಿಯಾದದ್ದೂ ಅಂಥ ಬಿರುಕುಗಳೇ.

ಹಾಗಾದರೆ ಕಲ್ಲನ್ನು ನಂಬುವುದೇ ಬೇಡವೇ? ನಂಬಬೇಕು, ಆದರೆ ಒಂದೇ ಸಾಕ್ಷಿಯ ಮಾತಿಗೆ ತೀರ್ಪು ಬೇಡ. ಈಚೆಗೆ ಗಾರ್ನೆಟ್ ಒಳಗೆ ಸಿಕ್ಕಿಬಿದ್ದ ಕ್ವಾರ್ಟ್ಜ್ ಕಣದ ಮೇಲೆ ಲೇಸರ್ ಬಿಟ್ಟು ರಾಮನ್ ಪರಿಣಾಮದಿಂದ, ನಮ್ಮ ಸಿ.ವಿ. ರಾಮನ್ ಅವರದೇ, ಆ ಕಣ ಈಗಲೂ ಎಷ್ಟು ಬಿಗಿತದಲ್ಲಿದೆ ಅಂತ ಅಳೆಯುತ್ತಾರೆ. ರಾಸಾಯನಿಕ ಹೊಂದಾಣಿಕೆಯ ಗೊಡವೆ ಇಲ್ಲದ ಲೆಕ್ಕ ಇದು, ಅದೇ ಇದರ ಬೆಲೆ. ಆದರೂ ಅದು ಹೇಳುವುದು ಗಾರ್ನೆಟ್ ಆ ಕಣವನ್ನು ನುಂಗಿದಾಗಿನ ಒತ್ತಡ. ನುಂಗಿದ ಮೇಲೆ ಕಲ್ಲು ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಮತ್ತೆ ಬೇರೆ ಸಾಕ್ಷಿ ಹುಡುಕಬೇಕು.

ಕಾಕಾಗೆ ಇದನ್ನೆಲ್ಲ ಹೇಳುವಷ್ಟರಲ್ಲಿ ಎರಡನೇ ಚಹಾ ಬಂದಿತ್ತು. ಅವರು ಪಕ್ಕದ ಸ್ಲ್ಯಾಬ್ ತೋರಿಸಿ ಕೇಳಿದರು.

"ಹಂಗಾದ್ರ ಈ ನಮ್ಮ ಕಲ್ಲು ಎಷ್ಟು ಆಳ ಹೋಗಿತ್ತು?"

"ಇದು ಹಂಗ ಹೋಗಿಲ್ಲ ಕಾಕಾ. ಅಂಥ ಗುರುತು ಒಂದೂ ಇಲ್ಲ."

"ಗುರುತು ಇಲ್ಲಂದ್ರ ಹೋಗಿಲ್ಲಂತ ಹೆಂಗ ಹೇಳ್ತಿ? ಈಗ ತಾಸು ಹೊತ್ತು ನೀನ ಹೇಳಿದೆಲ್ಲೋ, ನೀರು ಸಿಗಲಿಲ್ಲಂದ್ರ ಬರಿಯಂಗಿಲ್ಲಂತ!"

ಒಂದು ನಿಮಿಷ ನಾನು ಸುಮ್ಮನಾದೆ. ಇಳಕಲ್ ಗ್ರಾನೈಟ್ ಇನ್ನೂರು ಕೋಟಿ ವರ್ಷಕ್ಕೂ ಹಳೆಯದು, ಒಣ, ಗಟ್ಟಿ. ಅದೊಂದನ್ನೇ ನೋಡಿ ಉತ್ತರ ಹೇಳಲು ನಿಜಕ್ಕೂ ಆಗುವುದಿಲ್ಲ. ಆಮೇಲೆ ಹೇಳಿದೆ: ಗ್ರಾನೈಟ್ ಬಿಡಿ ಕಾಕಾ, ಅದರ ಪಕ್ಕದ ಮನೆಯವರನ್ನು ಕೇಳೋಣ. ಹುನಗುಂದ ಕುಷ್ಟಗಿ ಕಡೆಯ ಶಿಸ್ಟ್ ಪಟ್ಟಿ ಈ ಗ್ರಾನೈಟಿಗೆ ತಾಗಿಕೊಂಡೇ ಇದೆ. ಅದು ಹಳೆ ಲಾವಾ, ಹಳೆ ಕೆಸರು, ನೀರಿರುವ ಖನಿಜ ಬೇಕಾದಷ್ಟು. ಇಡೀ ಪ್ರದೇಶ ಆಳಕ್ಕೆ ಇಳಿದಿದ್ದರೆ ಗ್ರಾನೈಟ್ ಸುಮ್ಮನಿದ್ದರೂ ಅವು ಬರೆದಿರುತ್ತಿದ್ದವು. ಅಲ್ಲಿ ಎಕ್ಲೊಜೈಟ್ ಇಲ್ಲ, ಕೋಸೈಟಿನ ಬಿರುಕೂ ಇಲ್ಲ.

"ಅವೂ ಮ್ಯಾಲ ಬರೂಮುಂದ ಅಳಿಸಿದ್ರ?" ಅಂದರು ಕಾಕಾ.